ಮೊದಲು ಸಾರನ್ನು ವಿಚಾರಿಸಿ: ಜಪಾನಿನ ನೂಡಲ್ಸ್ ಮತ್ತು ಸುಶಿ ಹೋಟೆಲುಗಳಿಗೆ ಹೊರಟ ಹೊಸಬರಿಗೆ

ಟೋಕಿಯೊಗೆ ಬಂದಿಳಿದ ಕುಟುಂಬಗಳು ಮೊದಲ ತಿಂಗಳಲ್ಲೇ ನಮ್ಮ ಸಂಘದವರನ್ನು ಕೇಳುವ ಪ್ರಶ್ನೆ, "ಇಲ್ಲಿ ಹೊರಗೆ ಏನು ತಿನ್ನಬಹುದು?" ನಿಶಿ-ಕಸಾಯಿಯಲ್ಲಿ ಮನೆ ಮಾಡಿದವರಿಗೆ ಭಾರತೀಯ ಹೋಟೆಲು, ದಿನಸಿ ಅಂಗಡಿ ಎಲ್ಲವೂ ಹತ್ತಿರದಲ್ಲೇ ಇವೆ. ಹಾಗಾಗಿ ಕೆಲವರು ವರ್ಷಗಟ್ಟಲೆ ಜಪಾನಿ ಹೋಟೆಲಿನ ಬಾಗಿಲು ದಾಟುವುದೇ ಇಲ್ಲ. ದಯವಿಟ್ಟು ಹಾಗೆ ಉಳಿದುಬಿಡಬೇಡಿ. ಸಹೋದ್ಯೋಗಿಗಳು, ಮಕ್ಕಳ ಗೆಳೆಯರ ಮನೆಯವರು ನಿಮ್ಮನ್ನು ಪ್ರೀತಿಯಿಂದ ಕರೆಯುವುದು ಇಂಥ ಕಡೆಗೇ.

ಸಸ್ಯಾಹಾರಿಗಳು ಕಲಿಯಬೇಕಾದ ಮೊದಲ ಪದ ದಾಶಿ. ನಮ್ಮ ಹೋಳಿಗೆ ಸಾರಿಗೆ ಬೇಳೆಯ ಕಟ್ಟು ಹೇಗೋ, ಇಲ್ಲಿನ ಅಡುಗೆಗೆ ದಾಶಿ ಹಾಗೆ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿ, ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸುತ್ತಾರೆ. ಜೊತೆಗೆ ಕೊಂಬು ಎಂಬ ಕಡಲ ಪಾಚಿಯೂ ಇರಬಹುದು. ಬಟ್ಟಲಿನ ಮೇಲೆ ಬರೀ ಸೊಪ್ಪು, ಅಣಬೆ ಕಂಡರೂ ಕೆಳಗಿನ ಸಾರು ಮೀನಿನದಾಗಿರುತ್ತದೆ. "ಮಾಂಸ ಹಾಕಿಲ್ಲ" ಎಂದ ಹೋಟೆಲಿನವರು ಸುಳ್ಳು ಹೇಳಿರುವುದಿಲ್ಲ. ದಾಶಿಯನ್ನು ಅವರು ಮೀನೆಂದು ಎಣಿಸುವುದೇ ಇಲ್ಲ. ಆದ್ದರಿಂದ ಅದು ನಮಗೆ ನಡೆಯುತ್ತದೆಯೋ ಇಲ್ಲವೋ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ನಮ್ಮ ಸಂಘದಲ್ಲಿ ಎರಡೂ ಬಗೆಯವರಿದ್ದಾರೆ, ಯಾರೂ ಯಾರನ್ನೂ ಆಕ್ಷೇಪಿಸುವುದಿಲ್ಲ.

ಬೇಡವೆನ್ನುವವರು "ನಿಕು ತೊ ಸಕಾನಾ ವಾ ತಬೆರಾರೆಮಾಸೆನ್, ಕತ್ಸುವೊ ನೊ ದಾಶಿ ಮೊ ತಬೆರಾರೆಮಾಸೆನ್" ಎನ್ನಿ. ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುವೊ ದಾಶಿಯೂ ಆಗದು ಎಂದರ್ಥ. ಇದನ್ನೇ ಜಪಾನಿ ಲಿಪಿಯಲ್ಲಿ ಬರೆಸಿ ಮೊಬೈಲಿನಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬರೀ "ವೆಜಿಟೇರಿಯನ್" ಎಂದರೆ ಸಾಲದು.

ಬಿಸಿ ಸಾರಿನಲ್ಲಿ ಬರುವ ನೂಡಲ್ಸ್, ಅಂದರೆ ರಾಮೆನ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಾರು ಸಾಮಾನ್ಯವಾಗಿ ಹಂದಿ ಮೂಳೆ, ಕೋಳಿ ಅಥವಾ ಒಣಮೀನಿನದು. ಮಿಸೊ ಎಂದರೆ ಹುದುಗಿಸಿದ ಸೋಯಾ ಮುದ್ದೆ, ಆದರೆ ಮಿಸೊ ರಾಮೆನ್ ಎಂದರೆ ಸೋಯಾದ್ದೇ ಎಂದು ನಂಬಬೇಡಿ. ಮಿಸೊ ಬರೀ ಒಗ್ಗರಣೆಯಷ್ಟೇ, ಮೂಲ ಸಾರು ಬೇರೆ. ಟೋಕಿಯೊ ನಿಲ್ದಾಣದ ಒಳಗೆ, ಕೇಯೊ ಮಾರ್ಗಕ್ಕೆ ಹೋಗುವ ದಾರಿಯಲ್ಲಿರುವ ಟೀಸ್ ತಾನ್‌ತಾನ್ ಪೂರ್ತಿ ಸಸ್ಯಜನ್ಯ ರಾಮೆನ್ ಹೋಟೆಲು. ಎಳ್ಳಿನ ಸಾರಿನ ತಾನ್‌ತಾನ್ ರಾಮೆನ್ ಅಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು. ಅದು ಟಿಕೆಟ್ ಗೇಟಿನ ಒಳಗಿದೆ ಎಂಬುದು ನೆನಪಿರಲಿ.

ಹಲವು ರಾಮೆನ್ ಹೋಟೆಲುಗಳಲ್ಲಿ ಬಾಗಿಲ ಬಳಿಯೇ ಟಿಕೆಟ್ ಯಂತ್ರವಿರುತ್ತದೆ. ಮೊದಲು ಹಣ ಹಾಕಿ, ಆಮೇಲೆ ಗುಂಡಿ ಒತ್ತಿ, ಬಂದ ಚೀಟಿಯನ್ನು ಒಳಗೆ ಕೊಡಿ. ಹಳೆಯ ಯಂತ್ರಗಳು ಕಾರ್ಡನ್ನೂ ದೊಡ್ಡ ನೋಟನ್ನೂ ಒಪ್ಪುವುದಿಲ್ಲ. 1,000 ಯೆನ್ ನೋಟುಗಳು ಜೇಬಿನಲ್ಲಿರಲಿ. ಸೊರ್ ಎಂದು ಸದ್ದು ಮಾಡಿ ಹೀರುವುದು ಇಲ್ಲಿ ತಪ್ಪಲ್ಲ. ಆದರೆ ಹೊರಗೆ ಸಾಲು ನಿಂತಿರುವಾಗ ಊಟ ಮುಗಿಸಿ ಹರಟುತ್ತ ಕೂರುವುದು ತಪ್ಪು. ಎಂಟು ಹತ್ತು ಆಸನಗಳ ಇಂಥ ಜಾಗಕ್ಕೆ ಮಗುವಿನ ತಳ್ಳುಗಾಡಿ ತರಬೇಡಿ.

ಉದೊನ್ ಗೋಧಿಹಿಟ್ಟು, ಉಪ್ಪು, ನೀರಿನ ದಪ್ಪ ಎಳೆ. ಮಕ್ಕಳಿಗೆ ಬೇಗ ಒಗ್ಗುತ್ತದೆ. ಕಾಮಾಆಗೆ ಉದೊನ್ ಕೇಳಿದರೆ ಬೆಂದ ನೀರಿನಲ್ಲೇ ಎಳೆಗಳು ಬರುತ್ತವೆ, ಅದ್ದಿಕೊಳ್ಳುವ ಸಾರು ಬೇರೆ ಬಟ್ಟಲಿನಲ್ಲಿರುತ್ತದೆ. ದಾಶಿ ಬೇಡದವರು ಆ ಬಟ್ಟಲನ್ನು ಬಿಟ್ಟು, ತುರಿದ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು, ಸೋಯಾ ಸಾಸ್ ಹಾಕಿಕೊಳ್ಳಬಹುದು. ಮೇಜಿನ ಮೇಲಿನ ಬಾಟಲಿ ದಾಶಿ ಬೆರೆಸಿದ ಸೋಯಾ ಸಾಸ್ ಆಗಿರಬಹುದು, ಕೇಳಿಯೇ ಹಾಕಿಕೊಳ್ಳಿ. ನಮ್ಮ ಬಜ್ಜಿಯಂಥ ತರಕಾರಿ ತೆಂಪುರಾದ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಎಣ್ಣೆಯೂ ಸೀಗಡಿ ಕರಿದದ್ದೇ ಆಗಿರಬಹುದು.

ಸೋಬಾ ಎಳೆ ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿನದು. ಇದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಮಕ್ಕಳಿಗೆ ಮೊದಲ ಸಲವಾದರೆ ಸ್ವಲ್ಪವೇ ಕೊಟ್ಟು ನೋಡಿ. ಅಲರ್ಜಿ ಇದ್ದವರಿಗೆ ಸೋಬಾ ಮಾರುವ ಕಡೆಯ ಉದೊನ್ ಕೂಡ ಬೇಡ. ಎರಡನ್ನೂ ಒಂದೇ ನೀರಿನಲ್ಲಿ ಬೇಯಿಸುವ ಸಂಭವವಿದೆ. ತಣ್ಣನೆಯ ಸೋಬಾ ತಿಂದು ಮುಗಿಸುವಾಗ ಪುಟ್ಟ ಹೂಜಿಯಲ್ಲಿ ಬಿಸಿಯಾದ ಮಸುಕು ನೀರು ತಂದಿಡುತ್ತಾರೆ. ಅದು ಸೋಬಾಯು, ಎಳೆಗಳನ್ನು ಬೇಯಿಸಿದ ನೀರು. ಉಳಿದ ಸಾರಿಗೆ ಬೆರೆಸಿ ಕುಡಿಯುತ್ತಾರೆ. ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮಗೆ ಇದರ ಬೆಲೆ ತಕ್ಷಣ ಅರ್ಥವಾಗುತ್ತದೆ.

ಇನ್ನು ಮಕ್ಕಳಿರುವ ಮನೆಯವರು ಮೊದಲು ಹೋಗಬೇಕಾದದ್ದು ಕೈತೆನ್-ಜುಶಿಗೆ, ಅಂದರೆ ತಟ್ಟೆಗಳು ಚಲಿಸುವ ಪಟ್ಟಿಯ ಮೇಲೆ ಬರುವ ಸುಶಿ ಹೋಟೆಲಿಗೆ. 1958ರಲ್ಲಿ ಹಿಗಾಶಿ-ಒಸಾಕಾದಲ್ಲಿ ಯೋಶಿಯಾಕಿ ಶಿರೈಶಿ ಎಂಬವರು, ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಗುವುದನ್ನು ಕಂಡು ಇದನ್ನು ಆರಂಭಿಸಿದರು. ಸುಶಿರೊ, ಕುರಾ ಸುಶಿ, ಹಮಾ ಸುಶಿ ಎಲ್ಲೆಡೆ ಸಿಗುವ ಸರಣಿಗಳು. ಪರದೆಯ ಮೇಲೆ ಇಂಗ್ಲಿಷ್ ಆರಿಸಿ, ಬೇಕಾದ್ದನ್ನು ಒತ್ತಿದರೆ ನಿಮ್ಮ ಮೇಜಿಗೇ ಬರುತ್ತದೆ. ಸುಶಿ ಎಂದರೆ ಹಸಿ ಮೀನಲ್ಲ, ವಿನಿಗರ್ ಬೆರೆಸಿದ ಅನ್ನದ ತಿನಿಸು. ಸೌತೆಕಾಯಿಯ ಕಪ್ಪಾ ಮಾಕಿ, ಹುದುಗಿದ ಸೋಯಾ ಕಾಳಿನ ನತ್ತೊ ಮಾಕಿ, ಬೇಯಿಸಿದ ಎಳೆ ಸೋಯಾ ಕಾಯಿಯ ಎದಮಾಮೆ, ಆಲೂಗಡ್ಡೆ ಫ್ರೈ ಸಿಗುತ್ತವೆ. ನತ್ತೊ ಜೊತೆಯ ಸಾಸಿನಲ್ಲಿ ದಾಶಿ ಇರಬಹುದು. ಸಿಹಿ ತೋಫು ಚೀಲದ ಇನಾರಿ, ಮೊಟ್ಟೆಯ ತಮಾಗೊ ಎರಡರಲ್ಲೂ ಬಹುತೇಕ ದಾಶಿ ಇದ್ದೇ ಇರುತ್ತದೆ. ಪಟ್ಟಿಯಿಂದ ತೆಗೆದ ತಟ್ಟೆಯನ್ನು ಮತ್ತೆ ಅದರ ಮೇಲಿಡಬಾರದು. ಮಕ್ಕಳಿಗೆ ಒಳಗೆ ಹೋಗುವ ಮೊದಲೇ ಹೇಳಿಡಿ.

ಒಂದು ಮಾತನ್ನು ತಾಯಿತಂದೆಯರು ಮರೆಯಲೇಬಾರದು. ಮೇಜಿನ ಗೋಡೆಬದಿಗೆ ಒಂದು ಪುಟ್ಟ ನಲ್ಲಿ, ಅದರಡಿ ಕಪ್ಪು ಗುಂಡಿ ಇರುತ್ತದೆ. ಅದು ಕೈ ತೊಳೆಯುವ ನಲ್ಲಿಯಲ್ಲ. ಲೋಟಕ್ಕೆ ಹಸಿರು ಚಹಾ ಪುಡಿ ಹಾಕಿ, ಲೋಟದಿಂದಲೇ ಗುಂಡಿ ಒತ್ತಿದರೆ ಸುಡುಸುಡು ನೀರು ಬೀಳುತ್ತದೆ. ನಾವು ಬಂದ ಹೊಸತರಲ್ಲಿ ನನ್ನ ಮಗಳು ಅಂಗೈ ಚಾಚಿ ಗುಂಡಿಯತ್ತ ಬಾಗಿದ್ದಳು. ಪಕ್ಕದ ಮೇಜಿನ ಅಜ್ಜಿ ಕೂಗಿ ಅವಳ ಮಣಿಕಟ್ಟು ಹಿಡಿದೆಳೆದರು. ಅಂದಿನಿಂದ ನಲ್ಲಿಯ ಬದಿ ದೊಡ್ಡವರೇ ಕೂರುತ್ತೇವೆ. ನೀವೂ ಹಾಗೆಯೇ ಕುಳಿತುಕೊಳ್ಳಿ.

ಊಟದ ಕಡ್ಡಿಗಳನ್ನು (ಚಾಪ್‌ಸ್ಟಿಕ್) ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬೇಡಿ. ಮೊದಲನೆಯದು ಸತ್ತವರಿಗೆ ಅನ್ನವಿಡುವ ರೀತಿ, ಎರಡನೆಯದು ದಹನದ ನಂತರ ಅಸ್ಥಿ ಎತ್ತುವ ರೀತಿ. ಕಡ್ಡಿ ಹಿಡಿಯಲು ಬಾರದವರು ಫೋರ್ಕ್ ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಕುಡಿಯುವ ನೀರಿಗೆ ಹಣವಿಲ್ಲ. ಕೂತು ತಿಂದರೆ 10%, ಕಟ್ಟಿಸಿಕೊಂಡು ಹೋದರೆ 8% ತೆರಿಗೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟರೆ ಮರೆತಿರೆಂದು ಭಾವಿಸಿ ಹಿಂದೆಯೇ ತಂದುಕೊಡುತ್ತಾರೆ. ಏಳುವಾಗ "ಗೋಚಿಸೋಸಾಮಾ ದೆಶಿತಾ", ಅಂದರೆ ಊಟಕ್ಕೆ ಧನ್ಯವಾದ ಎನ್ನಿ, ಮಕ್ಕಳಿಂದಲೂ ಹೇಳಿಸಿ.