ನಮ್ಮ ಕಾಲೇಜಿನ ಹುಡುಗಿಯರ ಹಿಮೋಗ್ಲೋಬಿನ್: ನನ್ನ ಅನುಭವ

ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿಯೂ ನನ್ನದೇ. ಕಾಲೇಜಿನಲ್ಲಿ ಆರೋಗ್ಯ ಅಂದರೆ ವರ್ಷಕ್ಕೊಂದು ಶಿಬಿರ, ಒಂದು ಭಾಷಣ, ಒಂದು ಗ್ರೂಪ್ ಫೋಟೊ. ನನಗೆ ಅದು ಸಾಕೆನಿಸಲಿಲ್ಲ. ಎರಡನೇ ಪೀರಿಯಡ್ ಹೊತ್ತಿಗೇ ಹುಡುಗಿಯರು ಡೆಸ್ಕಿಗೆ ತಲೆ ಇಟ್ಟು ಮಲಗಿರುತ್ತಿದ್ದರು. ಕೇಳಿದರೆ "ತಲೆ ಸುತ್ತುತ್ತೆ ಮೇಡಂ" ಅನ್ನುವುದೊಂದೇ ಉತ್ತರ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋದೆ. "ಭಾಷಣ ಬೇಡ ಸಾರ್, ಎಲ್ಲರ ಹಿಮೋಗ್ಲೋಬಿನ್ ನೋಡೋಣ" ಅಂದೆ. ಹಿಮೋಗ್ಲೋಬಿನ್ ಅಂದರೆ ರಕ್ತದಲ್ಲಿ ಆಮ್ಲಜನಕ ಸಾಗಿಸುವ, ಕಬ್ಬಿಣಾಂಶವಿರುವ ವಸ್ತು. ಅವರು ಲ್ಯಾಬ್ ಟೆಕ್ನಿಷಿಯನ್‌ರನ್ನು ಕಳಿಸಿಕೊಟ್ಟರು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಾಕಿದರೆ ಅಲ್ಲೇ ಅಂಕಿ ಬರುತ್ತದೆ. ಹೆಣ್ಣುಮಕ್ಕಳಿಗೆ ನೂರು ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಅದನ್ನು ಓದಿದ್ದೆ. ಆದರೂ ನಮ್ಮ ಕಬಡ್ಡಿ ಟೀಮಿನ ಹುಡುಗಿಗೆ 7.6 ಬಂದಾಗ ನನ್ನ ಎದೆ ಝಲ್ಲೆಂದಿತು. ಅವತ್ತೇ ಅವಳ ಅಮ್ಮನಿಗೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಉಳಿದವರಿಗೆ ಕಬ್ಬಿಣಾಂಶದ ಮಾತ್ರೆ ಸಿಕ್ಕಿತು, ಜೊತೆಗೆ ಜಂತುಹುಳುವಿನ ಮಾತ್ರೆ. ಕೊಡುವುದು ಸುಲಭ, ನುಂಗಿಸುವುದೇ ಕಷ್ಟ. ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುವ ಮಕ್ಕಳು ತಿಂಡಿ ತಿಂದಿರುವುದಿಲ್ಲ. ಹೈಸ್ಕೂಲಿನಲ್ಲಿ ಬಿಸಿಯೂಟವಾದರೂ ಇತ್ತು. ಇಲ್ಲಿ ಹನ್ನೊಂದೂವರೆಗೆ ಒಂದು ಬನ್ನು, ಒಂದು ಟೀ. ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ. ಟೀ ಜೊತೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ.

ಹಾಗಾಗಿ ಸೋಮವಾರ ಮಧ್ಯಾಹ್ನ ಎಲ್ಲರೂ ಒಂದೇ ಕ್ಲಾಸಿನಲ್ಲಿ ಕೂತು ಊಟ ಮಾಡುವುದು ಅಂತ ಮಾಡಿದೆವು. ಬುತ್ತಿ ತರದವರಿಗೆ ತಂದವರು ಹಂಚುತ್ತಾರೆ. ಊಟವಾದ ಮೇಲೆ ಫೈನಲ್ ಇಯರ್ ಹುಡುಗಿಯರೇ ಮಾತ್ರೆ ಕೊಟ್ಟು, ಮುಂದೆ ನಿಂತು ನುಂಗಿಸುತ್ತಾರೆ. ಆಮೇಲೆ ಒಂದು ಗಂಟೆ ಕಾಲ ಟೀ ಇಲ್ಲ. ನಿಂಬೆಹಣ್ಣು ಹಿಂಡಿದ ಚಿತ್ರಾನ್ನ ಇದ್ದರೆ ಇನ್ನೂ ಒಳ್ಳೆಯದು, ನಿಂಬೆ ಕಬ್ಬಿಣಾಂಶ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಪರೀಕ್ಷೆಯಲ್ಲಿ ಕಡಿಮೆ ಬಂದವರು ಡಾಕ್ಟರು ಹೇಳಿದಂತೆ ಮನೆಯಲ್ಲೂ ದಿನಾ ತಗೋಬೇಕು.

ಒಂದು ದಿನ ಒಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು, "ಮೇಡಂ, ಕಕ್ಕಸ್ಸು ಕಪ್ಪಗೆ ಆಗ್ತಿದೆ. ಅಮ್ಮ ಮಾತ್ರೆ ಬಿಟ್ಟುಬಿಡು ಅಂತಿದಾರೆ." "ಅದು ಕಬ್ಬಿಣದ ಬಣ್ಣ ಕಣಮ್ಮಾ, ಏನೂ ಆಗಲ್ಲ" ಅಂದೆ. ಅಲ್ಲಿಂದಾಚೆ ಮಾತ್ರೆ ಕೊಡುವಾಗ ಮೊದಲು ಹೇಳುವ ಮಾತೇ ಅದು. ತಾಯಂದಿರಿಗೂ ಫೋನ್ ಮಾಡಿ ಹೇಳುತ್ತೇವೆ.

ಇನ್ನೊಂದು ವಿಷಯ ಊಟದ ಹೊತ್ತಿಗೇ ಕಣ್ಣಿಗೆ ಬಿತ್ತು. ನೀರಿನ ಬಾಟಲಿ ಯಾರೂ ಮುಟ್ಟುತ್ತಿರಲಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕಲ್ವಾ? ಅಲ್ಲಿ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಸಂಜೆ ಮನೆ ಸೇರುವವರೆಗೆ ತಡೆದುಕೊಂಡು, ಉರಿಮೂತ್ರ ಅಂತ ನರಳುತ್ತಿದ್ದವರು ಎಷ್ಟೋ ಮಂದಿ. ಪ್ರಿನ್ಸಿಪಾಲರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಾಲೇಜು ಅಭಿವೃದ್ಧಿ ಸಮಿತಿಯ ದುಡ್ಡಿನಲ್ಲಿ ಚಿಲಕ, ನಲ್ಲಿ, ಬಕೆಟ್, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಬಂದವು. ನನ್ನ ಪ್ರಕಾರ ಹತ್ತು ಶಿಬಿರಕ್ಕಿಂತ ಆ ಚಿಲಕ ದೊಡ್ಡದು.

ಹುಡುಗರನ್ನೂ ಬಿಟ್ಟಿಲ್ಲ. ನಿದ್ದೆ ಬರದವರು, ಪರೀಕ್ಷೆ ಭಯದವರು ನೇರವಾಗಿ ಬಂದು ಹೇಳಿಕೊಳ್ಳುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನೋಟಿಸ್ ಬೋರ್ಡಿನ ಜೊತೆಗೆ ಟಾಯ್ಲೆಟ್ ಬಾಗಿಲ ಒಳಗಡೆಯೂ ಅಂಟಿಸಿದೆವು. ಅಲ್ಲಾದರೆ ಯಾರೂ ನೋಡದ ಹಾಗೆ ಬರೆದುಕೊಳ್ಳಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ.

ಮೂರು ತಿಂಗಳಿಗೆ ಮತ್ತೆ ರಕ್ತ ನೋಡಿದಾಗ ಸುಮಾರು ಜನರ ಅಂಕಿ ಏರಿತ್ತು. ಕಬಡ್ಡಿ ಹುಡುಗಿಗೆ 11.2. ಇನ್ನೂ 12 ಆಗಿಲ್ಲ. ಆದ ಮೇಲೂ ತಕ್ಷಣ ಮಾತ್ರೆ ನಿಲ್ಲಿಸುವ ಹಾಗಿಲ್ಲ, ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಬೇಕು ಅಂತ ಡಾಕ್ಟರು ಹೇಳಿದ್ದಾರೆ. ಕೆಲವರದು ಏರಲೇ ಇಲ್ಲ. ಅವರಲ್ಲಿ ಮುಟ್ಟಿನ ಹೊತ್ತಿಗೆ ರಕ್ತ ಜಾಸ್ತಿ ಹೋಗುವವರನ್ನು ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದ್ದೇವೆ. ಈಗ ಕ್ಯಾಂಟೀನಿನವರ ಜೊತೆ ಮಾತು ನಡೆದಿದೆ. ಬೆಳಿಗ್ಗೆ ಒಂಬತ್ತಕ್ಕೆ ಉಪ್ಪಿಟ್ಟು, ಬೇಯಿಸಿದ ಮೊಟ್ಟೆ, ಕಡಲೆಕಾಳು ಉಸಲಿ ಬೇಕು, ಮಕ್ಕಳ ಕೈಗೆ ಎಟುಕುವ ಬೆಲೆಗೆ ಬೇಕು. ಮುಂದಿನ ಸೆಮಿಸ್ಟರಿಗೆ ನೋಡೋಣ ಅಂದಿದ್ದಾರೆ.