ಹೈವೇ ಬಿಟ್ಟು ಮೂರು ಕಿಲೋಮೀಟರ್: ಪುಣೆ ರಸ್ತೆಯಲ್ಲಿ ಟೆಂಟ್ ಹಾಕೋಕೆ ಜಾಗ ಹುಡುಕುವುದು

ತುಮಕೂರಿನಲ್ಲಿ ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಮಗಳು ಪುಣೆಯಲ್ಲಿದ್ದಾಳೆ. ನಾನು, ನನ್ನ ಹೆಂಡತಿ ಆಗಾಗ ಕಾರಿನಲ್ಲೇ ಹೋಗಿ ಬರುತ್ತೇವೆ. ಎನ್‌ಎಚ್ 48ರಲ್ಲಿ ಇಲ್ಲಿಂದ ಸುಮಾರು 770 ಕಿಲೋಮೀಟರ್. ಅವಸರ ಇರೋರು ಒಂದೇ ದಿನಕ್ಕೆ ಮುಟ್ಟಿಬಿಡುತ್ತಾರೆ. ನಮಗೆ ಅವಸರ ಇಲ್ಲ, ದಾರಿಯಲ್ಲಿ ಟೆಂಟ್ ಹಾಕಿಕೊಂಡು ಮಲಗುತ್ತೇವೆ. ಹೇಗೆ ಜಾಗ ಹುಡುಕುತ್ತೀರಿ ಅಂತ ಕೇಳೋರು ಜಾಸ್ತಿಯಾಗಿದ್ದಾರೆ. ಅದಕ್ಕೆ ಇದು.

ಹೊಸಬರೆಲ್ಲ ಮೊದಲು ಹುಡುಕುವುದು ಹೇಳೋರು ಕೇಳೋರು ಇಲ್ಲದ ಜಾಗವನ್ನು. ನಾನು ಹುಡುಕುವುದು ಹೇಳೋರು ಕೇಳೋರು ಇರುವ ಜಾಗ. ಖಾಲಿ ಗೋಮಾಳ, ನಿಂತುಹೋದ ಕಲ್ಲು ಕ್ವಾರಿ, ಕೆರೆ ಏರಿಯ ಹಿಂದಿನ ಬಯಲು, ಇವೆಲ್ಲ ಹಗಲಲ್ಲಿ ಚೆನ್ನಾಗಿ ಕಾಣುತ್ತವೆ. ರಾತ್ರಿ ಹನ್ನೊಂದಕ್ಕೆ ಬಾಟಲಿ ಹಿಡಿದುಕೊಂಡು ಹುಡುಗರು ಬರುವುದೂ ಅಲ್ಲಿಗೇ. ಮಾಲೀಕರನ್ನು ಕೇಳಿ ಅವರ ಹೊಲದಲ್ಲಿ ಮಲಗಿದರೆ, "ಯಾರೋ ತುಮಕೂರಿನೋರಂತೆ, ಗಂಡ ಹೆಂಡ್ತಿ" ಅಂತ ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗಿರುತ್ತದೆ. ಅದಕ್ಕಿಂತ ಕಾವಲು ಬೇಕಾ?

ಮೊದಲು ಹೊತ್ತಿನ ವಿಷಯ. ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕು, ನಾಲ್ಕೂವರೆಗೆ ಹೈವೇ ಬಿಡಬೇಕು. ಕತ್ತಲಾದ ಮೇಲೆ ಗುರುತಿಲ್ಲದ ಕಾರು ಹಳ್ಳಿಯೊಳಗೆ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ, ತಪ್ಪಲ್ಲ. ಬೆಳಕಿದ್ದಾಗ ಬಂದವರು ನೆಂಟರು.

ಹಿಂದಿನ ರಾತ್ರಿಯೇ ಗೂಗಲ್ ಮ್ಯಾಪ್‌ನಲ್ಲಿ ಸ್ಯಾಟಲೈಟ್ ಚಿತ್ರ ಹಾಕಿ, ಎಲ್ಲಿ ನಿಲ್ಲಬಹುದು ಅಂತ ಎರಡು ಮೂರು ಊರು ಗುರುತು ಮಾಡಿಕೊಳ್ಳಿ. ಹೈವೇಯಿಂದ ಮೂರು ಕಿಲೋಮೀಟರ್ ಆದರೂ ಒಳಗಿರಬೇಕು. ಒಂದು ಕಿಲೋಮೀಟರ್ ಸಾಕು ಅಂದುಕೊಳ್ಳಬೇಡಿ, ರಾತ್ರಿ ಲಾರಿ ಸದ್ದು ಅಷ್ಟು ದೂರ ಆರಾಮಾಗಿ ಕೇಳುತ್ತದೆ. ಮಧ್ಯೆ ಒಂದು ಗುಡ್ಡವೋ ದಿಣ್ಣೆಯೋ ಅಡ್ಡ ಇದ್ದರೆ ಇನ್ನೂ ಒಳ್ಳೆಯದು. ಹೈವೇಗೆ ಸಮನಾಗಿ ರೈಲು ಹಳಿ ಹೋಗುತ್ತಿದೆಯಾ ಅಂತಲೂ ನೋಡಿ.

ಸ್ಯಾಟಲೈಟ್ ಚಿತ್ರವನ್ನು ಪೂರ್ತಿ ನಂಬುವ ಹಾಗಿಲ್ಲ. ಅದು ಬೇಸಿಗೆಯಲ್ಲಿ ತೆಗೆದದ್ದಾಗಿದ್ದರೆ ಕೆರೆಯೆಲ್ಲ ಬಯಲಾಗಿ ಕಾಣುತ್ತದೆ. ಹಿರಿಯೂರಿನ ಪಕ್ಕದ ಮಾರಿಕಣಿವೆಯನ್ನೇ ತಗೊಳ್ಳಿ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಹಿನ್ನೀರಿನ ಅಂಚಿನಲ್ಲಿ ಯಾರೋ ಹಿಂದೆ ಟೆಂಟ್ ಹಾಕಿದ್ದ ಜಾಗ ಈಗ ನೀರಿನ ಅಡಿಯಲ್ಲಿ ಇರಬಹುದು. ಈ ವರ್ಷ ನೀರು ಎಲ್ಲಿವರೆಗೆ ಬಂದಿದೆ ಅಂತ ಅಲ್ಲಿನವರನ್ನೇ ಕೇಳಬೇಕು.

ಯಾರನ್ನು ಕೇಳುವುದು? ಹಾಲಿನ ಡೇರಿ ಹತ್ತಿರ ಹೋಗಿ. ಸಂಜೆ ಐದೂವರೆ ಸುಮಾರಿಗೆ ಊರಿನ ಅರ್ಧ ಜನ ಕ್ಯಾನು ಹಿಡಿದು ಅಲ್ಲೇ ಸಾಲು ನಿಂತಿರುತ್ತಾರೆ. ಹೊಲ ಇರೋರು, ತೋಟ ಇರೋರು, ಪಂಚಾಯ್ತಿ ಮೆಂಬರು, ಎಲ್ಲ ಒಂದೇ ಕಡೆ ಸಿಗುತ್ತಾರೆ. ನಮ್ಮ ಜಿಲ್ಲೆಯಲ್ಲಿ, ಚಿತ್ರದುರ್ಗದ ಕಡೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಡೇರಿ ಇಲ್ಲದ ಊರಲ್ಲಿ ಟೀ ಅಂಗಡಿ. ಸುತ್ತಿ ಬಳಸಿ ಮಾತಾಡಬೇಡಿ. ನಾನು ಕೇಳುವುದು ಹೀಗೆ: "ಯಜಮಾನ್ರೇ, ಪುಣೆಗೆ ಹೊರಟಿದ್ದೀವಿ. ಇವತ್ತೊಂದು ರಾತ್ರಿ ಟೆಂಟ್ ಹಾಕ್ಕೊಂಡು ಮಲಗೋಕೆ ಎಲ್ಲಾದರೂ ಜಾಗ ಸಿಗುತ್ತಾ? ಬೆಂಕಿ ಹಾಕಲ್ಲ, ಬೆಳಿಗ್ಗೆ ಆರಕ್ಕೆ ಎದ್ದು ಹೋಗ್ತೀವಿ."

ಆಮೇಲೆ ಯಾವೂರು, ಏನು ಕೆಲಸ, ಮಕ್ಕಳೆಷ್ಟು, ಎಲ್ಲ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳದೆ ಹೇಳಿ. ನಿಮಗೆ ರೂಮು ಕೊಡೋ ಮುಂಚೆ ಲಾಡ್ಜಿನವರು ಆಧಾರ್ ಕಾರ್ಡ್ ಕೇಳುವುದಿಲ್ವಾ, ಇಲ್ಲಿ ಕೇಳುವುದು ಇದನ್ನು. ಹೆಂಡತಿ ಕಾರಿನಿಂದ ಇಳಿದು ನಾಲ್ಕು ಮಾತಾಡಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. "ಈ ಚಳೀಲಿ ಬಯಲಲ್ಲಿ ಯಾಕೆ ಮಲಗ್ತೀರಮ್ಮ, ಮನೆಗೇ ಬನ್ನಿ" ಅನ್ನೋರು ಬೇಕಾದಷ್ಟು ಜನ. ಟೆಂಟೇ ಸಾಕು ಅನ್ನಿ, ಆದರೆ ಮುದ್ದೆ ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ದುಡ್ಡು ಕೊಟ್ಟರೆ ಬಹಳ ಜನ ತಗೊಳ್ಳುವುದಿಲ್ಲ. ನಾವು ತಿಪಟೂರು ಕಡೆಯ ತೆಂಗಿನಕಾಯಿ ಒಂದು ಚೀಲ ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡುತ್ತೇವೆ. ಹೋದ ಕಡೆ ಎರಡೆರಡು ಕಾಯಿ. ದಾವಣಗೆರೆ ದಾಟಿದ ಮೇಲಂತೂ ಅದಕ್ಕೆ ಬೆಲೆ ಜಾಸ್ತಿ.

ಮಾಲೀಕರು ಒಪ್ಪಿದರು ಅಂದುಕೊಳ್ಳಿ. ಅವರ ಜಮೀನಿನಲ್ಲಿ ಟೆಂಟ್ ಎಲ್ಲಿ ಹಾಕಬೇಕು? ಅವರು ಮೊದಲು ತೋರಿಸುವುದು ತೆಂಗಿನ ತೋಟ. ತಂಪಾಗಿದೆ, ನೆಲ ಸಮ ಇದೆ. ಬೇಡ. ಒಣಗಿದ ಗರಿ ಬಿದ್ದರೆ ಟೆಂಟು ಹರಿಯುತ್ತದೆ, ಕಾಯಿ ಬಿದ್ದರೆ ತಲೆಯೇ ಹೋಗುತ್ತದೆ. ತೋಟದ ಇನ್ನೊಂದು ತಾಪತ್ರಯ ನನ್ನ ಕಸುಬಿಗೆ ಸೇರಿದ್ದು. ಹೊರಗಿನವರಿಗೆ ಗೊತ್ತೇ ಇರುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಇಡೀ ದಿನ ಇರುವುದಿಲ್ಲ. ಪಾಳಿ ಮೇಲೆ ಕೊಡುತ್ತಾರೆ. ಕೆಲವು ಕಡೆ ಹಗಲು, ಕೆಲವು ಕಡೆ ನಡುರಾತ್ರಿ. ರಾತ್ರಿ ಎದ್ದು ಬಂದು ಮೋಟಾರು ಹಾಕುವ ಕಷ್ಟ ಬೇಡ ಅಂತ ರೈತರು ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ. ಬೋರ್‌ವೆಲ್ ಪಕ್ಕದ ಸಣ್ಣ ಶೆಡ್ಡಿಗೆ ಹೋಗಿ ನೋಡಿ. ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ. ಅದರ ಪಕ್ಕದಲ್ಲೋ ಒಳಗೋ ಅಂಗೈ ಅಗಲದ ಇನ್ನೊಂದು ಡಬ್ಬಿ, ಮೇಲೆ ಕೆಂಪು ಚುಕ್ಕಿ ದೀಪ. ಅದರಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಆಟೋ, ಇನ್ನೊಂದು ಕಡೆ ಮ್ಯಾನ್ಯುಯಲ್. ಆಟೋ ಕಡೆ ಇದ್ದರೆ ಕರೆಂಟ್ ಬಂದು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಒಳಗೆ 'ಟಕ್' ಅಂದು ಮೋಟಾರು ತಾನೇ ಎದ್ದುಬಿಡುತ್ತದೆ. ಡ್ರಿಪ್ ಇದ್ದರೆ ಪರವಾಗಿಲ್ಲ. ಕಾಲುವೆಯಲ್ಲಿ ನೀರು ಹಾಯಿಸುವ ತೋಟವಾದರೆ, ರಾತ್ರಿ ಎರಡು ಗಂಟೆಗೆ ನಿಮ್ಮ ಹಾಸಿಗೆ ಅಡಿ ನೀರು. ಅದಕ್ಕೆ ಮಲಗುವ ಮುಂಚೆ ಕೇಳಲೇಬೇಕಾದ ಪ್ರಶ್ನೆ: "ಅಣ್ಣ, ರಾತ್ರಿ ಕರೆಂಟ್ ಎಷ್ಟೊತ್ತಿಗೆ ಬರುತ್ತೆ? ನೀರು ಯಾವ ಕಡೆ ಹೋಗುತ್ತೆ?" ಆ ಪೆಟ್ಟಿಗೆಯನ್ನು ಮಾತ್ರ ನೀವು ಮುಟ್ಟಬೇಡಿ. ಅರ್ತಿಂಗ್ ಸರಿ ಇಲ್ಲದ ಸ್ಟಾರ್ಟರ್‌ಗಳು ನಮ್ಮ ಅಂಗಡಿಗೆ ದಿನಾ ಬರುತ್ತವೆ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಅದರ ಹತ್ತಿರ ಹೋಗುವುದೇ ಅಪಾಯ.

ನನ್ನನ್ನು ಕೇಳಿದರೆ ಟೆಂಟಿಗೆ ಕಣದಂಥ ಜಾಗ ಇನ್ನೊಂದಿಲ್ಲ. ರಾಗಿ ಒಕ್ಕಣೆ ಮುಗಿದ ಮೇಲೆ, ಜನವರಿ, ಫೆಬ್ರವರಿ ಹೊತ್ತಿಗೆ ಕಣ ಖಾಲಿ ಬಿದ್ದಿರುತ್ತದೆ. ಸಮ ಮಾಡಿ, ಸಗಣಿ ಬಗ್ಗಡ ಬಳಿದು ಗಟ್ಟಿ ಮಾಡಿದ ನೆಲ. ಗಾಳಿ ಆಡುವ ಎತ್ತರದಲ್ಲೇ ಕಣ ಮಾಡಿರುತ್ತಾರೆ, ಹಾಗಾಗಿ ನೀರು ನಿಲ್ಲುವುದಿಲ್ಲ, ಸೊಳ್ಳೆಯೂ ಕಡಿಮೆ. ಹುಲ್ಲಿನ ಬಣವೆಗೆ ತೀರಾ ಅಂಟಿಕೊಂಡು ಮಾತ್ರ ಹಾಕಬೇಡಿ. ಅಲ್ಲಿ ಇಲಿ ಇರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಈಗ ಮಷಿನ್ ಬಂದು ಕಣ ಮಾಡೋರು ಕಡಿಮೆಯಾಗಿದ್ದಾರೆ, ಇನ್ನು ಕೆಲವರು ರಸ್ತೆ ಮೇಲೆಯೇ ರಾಗಿ ಹರಡುತ್ತಾರೆ. ಆದರೂ ಕೇಳಿ, ಊರಿಗೊಂದಾದರೂ ಸಿಗುತ್ತದೆ.

ಶಿರಾ, ಹಿರಿಯೂರು ಕಡೆ ಕಡಲೆಕಾಯಿ ಕಿತ್ತ ಹೊಲವೂ ಚೆನ್ನಾಗಿರುತ್ತದೆ. ಮಣ್ಣು ಸಡಿಲ, ಗೂಟ ಸುಲಭವಾಗಿ ಇಳಿಯುತ್ತದೆ, ಅಷ್ಟೇ ಸುಲಭವಾಗಿ ಕಿತ್ತೂ ಬರುತ್ತದೆ. ಗೂಟದ ಮೇಲೊಂದು ಕಲ್ಲು ಹೇರಿ. ಈ ಕಡೆ ಜಾಲಿ ಕಾಟ ಜಾಸ್ತಿ. ಜಾಲಿ ಮುಳ್ಳು ಟೈರನ್ನೇ ತೂರುತ್ತದೆ, ಟೆಂಟ್ ಬಟ್ಟೆ ಯಾವ ಲೆಕ್ಕ. ಹಾಸುವ ಮುಂಚೆ ಪೊರಕೆಯಲ್ಲಿ ನೆಲ ಗುಡಿಸಿ. ಹೌದು, ನಮ್ಮ ಕಾರಿನಲ್ಲಿ ಪೊರಕೆ ಇದೆ. ನಗೋರು ನಗಲಿ.

ಚಿತ್ರದುರ್ಗ ದಾಟಿ ಮುಂದೆ ಹೋದ ಹಾಗೆ ಕೆಂಪು ಮಣ್ಣು ಕಡಿಮೆಯಾಗಿ ಎರೆ ಭೂಮಿ ಜಾಸ್ತಿಯಾಗುತ್ತದೆ. ಹುಬ್ಬಳ್ಳಿ, ಧಾರವಾಡದ ಕಡೆ ಬರೀ ಅದೇ. ಒಣಗಿದ್ದಾಗ ಬಿರುಕು, ಒಂದು ಮಳೆ ಬಂದರೆ ಅಂಟು. ಮೋಡ ಕಂಡರೆ ಕಾರನ್ನು ಹೊಲಕ್ಕೆ ಇಳಿಸಲೇಬೇಡಿ, ಗಟ್ಟಿ ರಸ್ತೆಯಲ್ಲೇ ನಿಲ್ಲಿಸಿ ಟೆಂಟ್ ಹೊತ್ತುಕೊಂಡು ಹೋಗಿ. ಟ್ರ್ಯಾಕ್ಟರ್ ತಂದು ಎಳೆಸುವುದಕ್ಕೆ ಆಗುವ ಖರ್ಚಿನಲ್ಲಿ ಒಳ್ಳೆ ಲಾಡ್ಜೇ ಸಿಗುತ್ತದೆ. ದಾವಣಗೆರೆ ಸುತ್ತ ಭದ್ರಾ ನಾಲೆಯ ಗದ್ದೆಗಳು. ಕಣ್ಣಿಗೆ ಹಸಿರು, ಮಲಗಲು ಸೊಳ್ಳೆ. ನಾವು ಅಲ್ಲಿ ನಿಲ್ಲುವುದೇ ಇಲ್ಲ. ಹರಿಹರದ ಹತ್ತಿರ ಹೊಳೆ ಮರಳು ನೋಡಿ ಆಸೆ ಪಡುವವರಿಗೂ ಒಂದು ಮಾತು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ರಾತ್ರೋರಾತ್ರಿ ಏರುತ್ತದೆ. ಹೊಳೆಯೊಳಗೆ ಟೆಂಟ್ ಬೇಡ.

ಆಷಾಢದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಟೆಂಟಿನ ಬಾಗಿಲು ಪೂರ್ವಕ್ಕಿರಲಿ, ಕಾರನ್ನು ಗಾಳಿಗೆ ಅಡ್ಡ ನಿಲ್ಲಿಸಿ.

ಕಾಡಿನ ವಿಷಯ ಚಿಕ್ಕದು. ದೇವರಾಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಇವೆಲ್ಲ ಅರಣ್ಯ ಇಲಾಖೆಯ ಜಾಗ. ಅನುಮತಿ ಇಲ್ಲದೆ ರಾತ್ರಿ ತಂಗಿದರೆ ಕೇಸು. ಕಲ್ಲುಗುಡ್ಡದ ಬುಡವೂ ಬೇಡ. ನಮ್ಮ ತುಮಕೂರು, ಮಧುಗಿರಿ, ಪಾವಗಡ ಕಡೆಯ ಗುಡ್ಡಗಳಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಎಲ್ಲಿ ಹಾಕಿದರೂ ಶೂ ಟೆಂಟಿನ ಒಳಗಿಟ್ಟುಕೊಳ್ಳಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಚೇಳಿಗೆ ಶೂ ಅಂದರೆ ಬಹಳ ಇಷ್ಟ. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿ ಅಂತ ತಿಳಿದುಕೊಂಡಿರಿ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112, ಹೈವೇ ಮೇಲೆ ಗಾಡಿ ಕೆಟ್ಟರೆ 1033.

ಎಲ್ಲೂ ಜಾಗ ಸಿಗದೆ ಕತ್ತಲಾದರೆ? ಲಾರಿಗಳು ಸಾಲಾಗಿ ನಿಂತ ದೊಡ್ಡ ಪೆಟ್ರೋಲ್ ಬಂಕ್‌ಗೆ ಹೋಗಿ. ಶೌಚಾಲಯ ಇರುತ್ತದೆ, ರಾತ್ರಿಯೆಲ್ಲ ದೀಪ ಇರುತ್ತದೆ. ಮ್ಯಾನೇಜರ್‌ಗೆ ಹೇಳಿ ಕಾರಿನಲ್ಲೇ ಮಲಗಿ, ಟೆಂಟ್ ಬಿಚ್ಚಬೇಡಿ. ಹಿಂದಕ್ಕೆ ತಗೊಳ್ಳುವ ಲಾರಿಗೆ ಟೆಂಟ್ ಕಾಣುವುದಿಲ್ಲ. ಊರ ದೇವಸ್ಥಾನದ ಅಂಗಳವೂ ಆಗುತ್ತದೆ, ಪೂಜಾರಿಯನ್ನು ಕೇಳಿ. ಆದರೆ ಧನುರ್ಮಾಸದಲ್ಲಿ ಅಲ್ಲಿ ಮಲಗುವವರು ಮೈಕ್ ಯಾವ ಕಡೆ ಮುಖ ಮಾಡಿದೆ ನೋಡಿಕೊಳ್ಳಿ. ಬೆಳಗಿನ ಜಾವವೇ ಸುಪ್ರಭಾತ ಶುರು.

ನೀರಿಗೆ ಐದು ರೂಪಾಯಿ, ಎರಡು ರೂಪಾಯಿ ನಾಣ್ಯ ಕೂಡಿಡಿ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ನೋಟು ಅಲ್ಲಿ ನಡೆಯುವುದಿಲ್ಲ. ಪಾವಗಡ, ಶಿರಾ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕೈಕಾಲು ತೊಳೆಯಲು ಅದು, ಕುಡಿಯಲು ಘಟಕದ್ದು.

ಹಾವೇರಿ ದಾಟಿದ ಮೇಲೆ 'ಯಜಮಾನ್ರೇ' ಬಿಟ್ಟು 'ಕಾಕಾ', 'ಅಣ್ಣಾರ' ಶುರು ಮಾಡಿ. "ಯಾವೂರ್ರೀ ನಿಮ್ದು?" ಅಂತ ಅವರೂ ಅಷ್ಟೇ ಪ್ರೀತಿಯಿಂದ ಕೇಳುತ್ತಾರೆ. ನಿಪ್ಪಾಣಿವರೆಗೂ ಕನ್ನಡ ನಡೆಯುತ್ತದೆ, ಆಮೇಲೆ ಹರಕು ಮುರುಕು ಹಿಂದಿ ಸಾಕು. ಕೊಲ್ಹಾಪುರದ ಸುತ್ತ ಎಲ್ಲಿ ನೋಡಿದರೂ ಕಬ್ಬು, ಖಾಲಿ ಹೊಲ ಸಿಗುವುದು ಕಷ್ಟ. ನವೆಂಬರ್‌ನಿಂದ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಓಡಾಡುತ್ತವೆ, ಅಲ್ಲಂತೂ ಕತ್ತಲಾಗುವ ಮುಂಚೆಯೇ ನಿಲ್ಲಿ. ಅಲ್ಲಿ ನಾವು ಕೇಳುವುದು ಆಲೆಮನೆಯಲ್ಲಿ. ಅಂಗಳ ಅಗಲ ಇರುತ್ತದೆ, ಕೆಲಸದವರು ತಡರಾತ್ರಿವರೆಗೂ ಎದ್ದಿರುತ್ತಾರೆ. ಕೊಪ್ಪರಿಗೆ ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ ಅದರ ಎದುರು ಬದಿಗೆ ಟೆಂಟ್ ಹಾಕಿ, ಇರುವೆಗೆ ಹೆದರುವವರು ಇನ್ನೂ ಸ್ವಲ್ಪ ದೂರ. ಬೆಳಿಗ್ಗೆ ಬೆಲ್ಲ ಅಲ್ಲೇ ಕೊಳ್ಳಿ, ಆರು ಗಂಟೆಗೆ ಬಿಟ್ಟರೆ ಮಧ್ಯಾಹ್ನದ ಒಳಗೆ ಪುಣೆ.