ಬೇ ಏರಿಯಾದ ಸ್ಟೇಟ್ ಪಾರ್ಕ್‌ಗಳು: ತಿಂಗಳು ನೋಡಿ ಹೊರಡಿ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಈ ಬೇ ಏರಿಯಾಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಮಾಡುವ ಎಡವಟ್ಟು ಒಂದೇ. ಲಾಂಗ್ ವೀಕೆಂಡ್ ಬಂತೆಂದು ಶನಿವಾರ ಹನ್ನೊಂದಕ್ಕೆ ಮನೆ ಬಿಡುತ್ತಾರೆ. ಪಾರ್ಕ್ ಮುಟ್ಟುವಷ್ಟರಲ್ಲಿ ಪಾರ್ಕಿಂಗ್ ಭರ್ತಿ, ನೋಡಬೇಕೆಂದಿದ್ದ ಪ್ರಾಣಿ ಆ ತಿಂಗಳು ಅಲ್ಲಿ ಇರುವುದೇ ಇಲ್ಲ. ಬಂಡೀಪುರದ ಹಾಗೆ ಜೀಪ್ ಹತ್ತಿಸಿ ಕಾಡು ಸುತ್ತಿಸುವ ಪದ್ಧತಿ ಈ ಪಾರ್ಕ್‌ಗಳಲ್ಲಿಲ್ಲ. ಯಾವುದು ಯಾವಾಗ ಎಲ್ಲಿ ಸಿಗುತ್ತದೆಂದು ತಿಳಿದುಕೊಂಡು, ಬೇಕಾದಲ್ಲಿ ಬುಕ್ ಮಾಡಿ, ನಡೆದೇ ನೋಡಬೇಕು.

ಪಾಸ್ ಕೊಳ್ಳುವ ಮೊದಲು

ನ್ಯಾಷನಲ್ ಪಾರ್ಕ್, ಸ್ಟೇಟ್ ಪಾರ್ಕ್, ಕೌಂಟಿ ಪಾರ್ಕ್ ಮೂರರ ಆಡಳಿತವೂ ಬೇರೆ. ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆಂದು ಕೊಂಡ ‘ಅಮೆರಿಕ ದ ಬ್ಯೂಟಿಫುಲ್’ ಪಾಸ್ ಸ್ಟೇಟ್ ಪಾರ್ಕಿನ ಗೇಟಿನಲ್ಲಿ ನಡೆಯುವುದಿಲ್ಲ. ಇಲ್ಲಿ ಶುಲ್ಕ ತಲೆಗಲ್ಲ, ಕಾರಿಗೆ. ನಮ್ಮ ಸುತ್ತಮುತ್ತ ಹೆಚ್ಚಾಗಿ ದಿನಕ್ಕೆ 10 ಡಾಲರ್ ಆಸುಪಾಸು. ವಾರ್ಷಿಕ ಪಾಸಿಗೆ ದುಡ್ಡು ಹಾಕುವ ಮುಂಚೆ ಊರಿನ ಲೈಬ್ರರಿಗೆ ಹೋಗಿ ಬನ್ನಿ. ಸ್ಟೇಟ್ ಪಾರ್ಕ್ ಪಾಸನ್ನು ಪುಸ್ತಕದ ಹಾಗೆಯೇ ಎರವಲು ಕೊಡುತ್ತಾರೆ. ಲೈಬ್ರರಿ ಕಾರ್ಡ್ ಮಾಡಿಸಿ, ಕ್ಯಾಟಲಾಗಿನಲ್ಲಿ ‘ಪಾರ್ಕ್ಸ್ ಪಾಸ್’ ಹುಡುಕಿ ಹೋಲ್ಡ್ ಹಾಕಿ. ಕನ್ನಡಿಗೆ ನೇತುಹಾಕುವ ಆ ಪಾಸಿನಿಂದ ಒಂಬತ್ತು ಜನರವರೆಗಿನ ಒಂದು ಕಾರು 200ಕ್ಕೂ ಹೆಚ್ಚು ಪಾರ್ಕ್‌ಗಳಿಗೆ ಹೋಗಬಹುದು. ಸರದಿ ಉದ್ದ ಇರುವುದರಿಂದ ತಿಂಗಳು ಮೊದಲೇ ಹೆಸರು ಹಾಕಿಡಿ. ಪಾಸನ್ನು ಮನೆಯಲ್ಲಿ ಮರೆತು ಫೋನಿನಲ್ಲಿ ಫೋಟೋ ತೋರಿಸಿದರೆ ಆಗುವುದಿಲ್ಲ. ಕ್ಯಾಂಪಿಂಗ್, ಗೈಡ್ ಜೊತೆಗಿನ ನಡಿಗೆ ಇವಕ್ಕೆಲ್ಲ ಬೇರೆ ದುಡ್ಡು. ಕ್ಯಾಂಪ್ ಜಾಗಗಳ ಬುಕಿಂಗ್ ‘ರಿಸರ್ವ್ ಕ್ಯಾಲಿಫೋರ್ನಿಯಾ’ ವೆಬ್‌ಸೈಟಿನಲ್ಲಿ ಆರು ತಿಂಗಳು ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಬೇಸಿಗೆ ರಜೆಯ ಶನಿವಾರ ಬೇಕಾದರೆ ಆ ಹೊತ್ತಿಗೇ ಲಾಗಿನ್ ಆಗಿ ಕೂತಿರಬೇಕು.

ಡಿಸೆಂಬರಿನಿಂದ ಮಾರ್ಚ್: ಆನ್ಯೊ ನುಯೆವೊ

ವರ್ಷಕ್ಕೆ ಒಂದೇ ಕಡೆ ಹೋಗುವುದಾದರೆ ಇಲ್ಲಿಗೆ ಹೋಗಿ. ಹೈವೇ 1ರಲ್ಲಿ ಸಾಂಟಾ ಕ್ರೂಜ್‌ನಿಂದ ಸುಮಾರು 20 ಮೈಲಿ ಉತ್ತರಕ್ಕಿದೆ. ವರ್ಷದ ಬಹುಕಾಲ ನಡುಗಡಲಿನಲ್ಲಿರುವ ಎಲಿಫೆಂಟ್ ಸೀಲ್ ಎಂಬ ದೊಡ್ಡ ಕಡಲ ಪ್ರಾಣಿಗಳು ಹೆರಿಗೆಗೆ, ಕೂಡುವುದಕ್ಕೆ ಈ ಮರಳಿಗೆ ಬರುತ್ತವೆ. ದೊಡ್ಡ ಗಂಡಿನ ತೂಕ ಎರಡು ಟನ್ ದಾಟುತ್ತದೆ. ಮೂಗು ಜೋತುಬಿದ್ದ ಸೊಂಡಿಲಿನಂತೆ, ಎದೆಯ ಮೇಲೆ ಹಳೆಯ ಕಾಳಗದ ಗಾಯ ಕಟ್ಟಿ ಗಟ್ಟಿಯಾದ ಚರ್ಮ. ಸುಮಾರು 75 ಪೌಂಡ್ ತೂಕದಲ್ಲಿ ಹುಟ್ಟುವ ಮರಿ ನಾಲ್ಕೇ ವಾರ ಹಾಲು ಕುಡಿದು 250 ಪೌಂಡ್ ಮೀರುತ್ತದೆ. ಅಷ್ಟು ದಿನವೂ ತಾಯಿಗೆ ಉಪವಾಸ. ಆಮೇಲೆ ತಾಯಿ ಸಮುದ್ರಕ್ಕಿಳಿದರೆ ಮತ್ತೆ ಮರಿಯತ್ತ ತಿರುಗಿ ನೋಡುವುದಿಲ್ಲ. ಗಂಡುಗಳ ಕಾಳಗ ನೋಡಬೇಕಾದರೆ ಡಿಸೆಂಬರ್ ಕೊನೆ, ಜನವರಿ. ಮರಿ, ತಾಯಿ, ಕಾಳಗ ಎಲ್ಲ ಒಟ್ಟಿಗೆ ಬೇಕಾದರೆ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯ. ಮಾರ್ಚಿಗೆ ಹೋದರೆ ಹಾಲು ಬಿಟ್ಟ ದುಂಡು ಮರಿಗಳೇ ಹೆಚ್ಚು.

ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಗೈಡ್ ಜೊತೆಗಷ್ಟೇ ಬಿಡುತ್ತಾರೆ, ಮುಂಗಡ ಬುಕಿಂಗ್ ಬೇಕು. ಮರಳುದಿಬ್ಬಗಳ ಮೇಲೆ ಮೂರು ಮೈಲಿಗೂ ಹೆಚ್ಚು ನಡಿಗೆ, ಸುಮಾರು ಎರಡೂವರೆ ಗಂಟೆ. ಸ್ಟ್ರೋಲರ್ ತರುವಂತಿಲ್ಲ, ಮಗುವನ್ನು ಕ್ಯಾರಿಯರಿನಲ್ಲಿ ಹೊರಬೇಕು. ಮಳೆ ಬಂದರೂ ಕೊಡೆ ಬಿಚ್ಚುವಂತಿಲ್ಲ, ಸೀಲ್‌ಗಳು ಬೆದರುತ್ತವೆ. ಟೋಪಿಯಿರುವ ರೇನ್‌ಕೋಟ್ ಒಯ್ಯಿರಿ. ತಿಂಡಿ ಕಾರಿನಲ್ಲೇ ಇರಲಿ, ನೀರು ಸಾಕು. 25 ಅಡಿ ದೂರ ಕಾಯಲೇಬೇಕು. ಮರದ ದಿಮ್ಮಿಯಂತೆ ಬಿದ್ದಿರುವ ಗಂಡು ಎದ್ದರೆ ಸ್ವಲ್ಪ ದೂರಕ್ಕೆ ಮನುಷ್ಯನಿಗಿಂತ ಜೋರು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ಈ ನಡಿಗೆ ಬೇಡ.

ಅವರಿಗೆ ಹೆನ್ರಿ ಕೋವೆಲ್ ಪಾರ್ಕ್ ಸರಿ. ಫೆಲ್ಟನ್ ಹತ್ತಿರ, ಮುಕ್ಕಾಲು ಮೈಲಿಯ ಸಮತಟ್ಟಾದ ಸುತ್ತು, ಗಾಲಿಕುರ್ಚಿಯೂ ಹೋಗುತ್ತದೆ, ಸುಮಾರು 277 ಅಡಿ ಎತ್ತರದ ರೆಡ್‌ವುಡ್ ಮರ ಇದೆ.

ಬಿಗ್ ಬೇಸಿನ್ ಮತ್ತು ಚುರುಮುರಿ

1902ರಲ್ಲಿ ಆದ ಬಿಗ್ ಬೇಸಿನ್ ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್. 2020ರ ಆಗಸ್ಟಿನ ಕಾಳ್ಗಿಚ್ಚಿಗೆ ಹೆಚ್ಚುಕಡಿಮೆ ಪೂರಾ ಸುಟ್ಟಿತು. 2022ರಲ್ಲಿ ಮತ್ತೆ ತೆರೆದರೂ ಸೌಕರ್ಯ ಕಡಿಮೆ, ಆದ್ದರಿಂದ ಪಾರ್ಕಿಂಗ್ ಮೊದಲೇ ಕಾಯ್ದಿರಿಸಿ. ‘ಸುಟ್ಟ ಕಾಡಲ್ಲಿ ನೋಡೋದೇನು’ ಎನ್ನುವವರು ಒಮ್ಮೆ ಮರದ ಹತ್ತಿರ ಹೋಗಿ ನಿಲ್ಲಿ. ತೊಗಟೆ ಒಂದಡಿ ದಪ್ಪ, ಮುಟ್ಟಿದರೆ ತೆಂಗಿನ ನಾರಿನ ಹಾಗೆ. ಬೆಂಕಿ ಒಳಗಿನವರೆಗೆ ಮುಟ್ಟದ ಮರಗಳಲ್ಲಿ ಕರಿ ಕಾಂಡದ ಉದ್ದಕ್ಕೂ ಹಸಿರು ಚಿಗುರು ತುಪ್ಪಟದಂತೆ ಹೊರಟಿದೆ.

ಇಲ್ಲಿ ನಮ್ಮವರು ತಿಳಿಯದೆ ಮಾಡುವ ದೊಡ್ಡ ತಪ್ಪು ಊಟದ್ದು. ಮಾರ್ಬಲ್ಡ್ ಮರ‍್ರೆಲೆಟ್ ಎಂಬ ಕಡಲ ಹಕ್ಕಿ ಗೂಡೇ ಕಟ್ಟದೆ ಹಳೆಯ ರೆಡ್‌ವುಡ್‌ನಂಥ ಮರದ ಎತ್ತರದ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಅದು ಮರದಲ್ಲಿ ಮೊಟ್ಟೆಯಿಡುತ್ತದೆಂದು ಪಕ್ಷಿತಜ್ಞರಿಗೆ ಖಾತ್ರಿಯಾದದ್ದು 1974ರಲ್ಲಿ, ಇದೇ ಪಾರ್ಕಿನಲ್ಲಿ. ನಾವು ಚೆಲ್ಲಿದ ಅಗುಳಿಗೆ ಸ್ಟೆಲ್ಲರ್ಸ್ ಜೇ, ರೇವನ್ ಬರುತ್ತವೆ. ಎರಡೂ ಕಾಗೆ ಕುಲದವು. ಅನ್ನ ಸಿಕ್ಕ ಕಡೆ ಅವು ಹೆಚ್ಚುತ್ತವೆ, ಆಮೇಲೆ ಆ ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ಕಾಗೆಗೆ ಅನ್ನ ಇಡುವುದು ಊರಿನಲ್ಲಿ ಪುಣ್ಯ, ಇಲ್ಲಿ ಅಪರಾಧ. ಚುರುಮುರಿ, ಖಾರಾಸೇವೆ, ಅವಲಕ್ಕಿ ಬಿಟ್ಟು ಇಡ್ಲಿ, ಚಪಾತಿ ಸುರುಳಿ ಒಯ್ಯಿರಿ. ಕೆಳಗೆ ಬೆಡ್‌ಶೀಟ್ ಹಾಸಿ, ಎದ್ದ ಮೇಲೆ ನಾಲ್ಕೂ ಮೂಲೆ ಹಿಡಿದು ಚೀಲದೊಳಕ್ಕೆ ಕೊಡವಿ. ನೆಲಕ್ಕೆ ಕೊಡವಿದರೆ ಹಾಸಿದ್ದೇ ದಂಡ.

ದಾರಿಯಲ್ಲಿ ತಿರುವುಗಳು ಬಹಳ, ಮಕ್ಕಳಿಗೆ ವಾಂತಿಯಾಗುತ್ತದೆ. ಫೋನ್ ಸಿಗ್ನಲ್ ಸಿಗುವುದಿಲ್ಲ, ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮಳೆ ಬಿದ್ದ ಮೇಲೆ ಬಾಳೆಹಣ್ಣಿನ ಬಣ್ಣದ, ಚಿಪ್ಪಿಲ್ಲದ ಬಸವನಹುಳು ಕಾಣುತ್ತದೆ. ಮಕ್ಕಳು ಮುಟ್ಟದಿರಲಿ.

ಉಳಿದ ತಿಂಗಳು

ಅಕ್ಟೋಬರ್ ಮಧ್ಯದಿಂದ ಸಾಂಟಾ ಕ್ರೂಜ್‌ನ ನ್ಯಾಚುರಲ್ ಬ್ರಿಜಸ್‌ಗೆ ಮೊನಾರ್ಕ್ ಚಿಟ್ಟೆಗಳು ಚಳಿಗಾಲ ಕಳೆಯಲು ಬರುತ್ತವೆ. ಕೂರುವುದು ನೀಲಗಿರಿ ತೋಪಿನಲ್ಲಿ. 2017ರಲ್ಲಿ ಕರ್ನಾಟಕ ಸರ್ಕಾರ ನೆಡುವುದನ್ನೇ ನಿಷೇಧಿಸಿದ ಅದೇ ನೀಲಗಿರಿ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅವಕ್ಕೆ ಹಾರಲಾಗದು. ಹಾಗಾಗಿ ಚಳಿಯ ಬೆಳಗ್ಗೆ ಹೋದವರು ಒಣಗಿದ ಎಲೆಯ ಗೊಂಚಲು ನೋಡಿ ‘ಚಿಟ್ಟೆ ಎಲ್ಲಿ?’ ಎಂದು ವಾಪಸಾಗುತ್ತಾರೆ. ಬಿಸಿಲಿರುವ ದಿನ ಹನ್ನೊಂದರ ಮೇಲೆ ಹೋಗಿ. ಸಂಖ್ಯೆ ವರ್ಷ ವರ್ಷ ಬದಲಾಗುತ್ತದೆ, ಕೆಲವು ವರ್ಷ ತೀರಾ ಕಡಿಮೆ. ಅಲ್ಲಿಯ ಬಂಡೆಗುಂಡಿಗಳಲ್ಲಿ ನಕ್ಷತ್ರಮೀನು ನೋಡಬೇಕಾದರೆ ಇಳಿತದ ಮಟ್ಟ ಒಂದಡಿಗಿಂತ ಕಡಿಮೆ ಇರುವ ದಿನ ಆರಿಸಿ. ದೊಡ್ಡ ಇಳಿತ ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ, ಬೇಸಿಗೆಯಲ್ಲಿ ನಸುಕಿನಲ್ಲಿ. ಸಮುದ್ರಕ್ಕೆ ಬೆನ್ನು ಮಾಡಿ ಫೋಟೋಗೆ ನಿಲ್ಲಬೇಡಿ. ಸದ್ದಿಲ್ಲದೆ ಬರುವ ಒಂದು ದೊಡ್ಡ ಅಲೆ ಬಂಡೆಯ ಮೇಲಿನವರನ್ನು ಎಳೆದೊಯ್ಯುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಡುಹೂವು ನೋಡಲು ಹೆನ್ರಿ ಕೋ ಪಾರ್ಕಿಗೆ ಹೋಗಿ (ಇದು ಮೇಲೆ ಹೇಳಿದ ಹೆನ್ರಿ ಕೋವೆಲ್ ಅಲ್ಲ). ದೇವರಿಗೆಂದೂ ಒಂದು ಹೂವು ಕೀಳುವಂತಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಸಂಜೆ ಮೌಂಟ್ ಡಯಾಬ್ಲೊದಲ್ಲಿ ಹೆಣ್ಣು ಹುಡುಕುತ್ತಾ ದಾರಿ ದಾಟುವ ಗಂಡು ಟಾರಂಟುಲಾ ಜೇಡಗಳು ಸಿಗುತ್ತವೆ. ಜುಲೈಯಲ್ಲಿ ಕರಾವಳಿಗೆ ಹೋಗುವವರು ಸ್ವೆಟರ್ ಮರೆಯಬೇಡಿ, ಮಂಜು ಕವಿದರೆ ನಡುಗುತ್ತೀರಿ.

ಪಾಯ್ಸನ್ ಓಕ್, ಉಣ್ಣಿ

ಮೂರು ಮೂರು ಎಲೆಯ ಗೊಂಚಲಿನ ಪಾಯ್ಸನ್ ಓಕ್ ಮಾವು, ಗೇರು ಕುಟುಂಬದ ಗಿಡ. ಮಾವಿನ ಸೊನೆ ತಾಗಿ ಬೊಕ್ಕೆ ಎದ್ದ ಅನುಭವ ಇದ್ದವರಿಗೆ ಬೇಗ ಅರ್ಥವಾಗುತ್ತದೆ, ಇದು ಅದಕ್ಕಿಂತ ಎಷ್ಟೋ ಜೋರು. ಬೇಸಿಗೆಯ ಕೊನೆಗೆ ಎಲೆ ಚೆಂದದ ಕೆಂಪಾಗುತ್ತದೆ, ಮಕ್ಕಳು ಆರಿಸಿ ತರುವುದು ಆಗಲೇ. ಎಲೆ ಉದುರಿದ ಬರಿ ಕಡ್ಡಿಯಲ್ಲೂ ಎಣ್ಣೆ ಇರುತ್ತದೆ. ತಾಗಿದರೆ ಆದಷ್ಟು ಬೇಗ ತಣ್ಣೀರು, ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ ತೊಳೆಯಿರಿ. ತುರಿಕೆ ಏಳುವುದು ಸಾಮಾನ್ಯವಾಗಿ ಮರುದಿನವೋ ಆಮೇಲೋ, ಕಾಯುತ್ತಾ ಕೂರಬೇಡಿ. ಬಟ್ಟೆ, ಶೂ ಲೇಸ್ ಕೂಡ ತೊಳೆಯಬೇಕು, ಇಲ್ಲದಿದ್ದರೆ ಮುಂದಿನ ವಾರ ಅದೇ ಲೇಸ್ ಕಟ್ಟುವಾಗ ಮತ್ತೆ ತಾಗುತ್ತದೆ.

ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣ್ಣಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿಯ ಉಣ್ಣಿಯಿಂದ ಬರುವುದು ಲೈಮ್ ಕಾಯಿಲೆ. ಮನೆಗೆ ಬಂದ ಕೂಡಲೇ ಮಕ್ಕಳ ಕಂಕುಳು, ಮಂಡಿಯ ಹಿಂಭಾಗ, ಕಿವಿ ಹಿಂದೆ, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ, ಸುಣ್ಣ ಹಚ್ಚಬೇಡಿ. ಮೊನೆಯ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು, ತಿರುಚದೆ ನೆಟ್ಟಗೆ ಎಳೆಯಿರಿ. ಕಚ್ಚಿದ ತಾರೀಕು ಬರೆದಿಟ್ಟುಕೊಳ್ಳಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಅಥವಾ ಕೆಂಪು ಮಚ್ಚೆ ಹರಡಿದರೆ ಡಾಕ್ಟರಿಗೆ ಆ ತಾರೀಕು ಹೇಳಿ.